ಆಫ್ ಮಾಡ್ಬೇಡ ಅಕ್ಕ

ಶಟರ್‌ಗೆ ಮೂರನೇ ಒದೆ ಬಿದ್ದಾಗ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಆರು ಪರ್ಸೆಂಟ್ ಉಳಿದಿತ್ತು.

ಶಟರ್ ಮುರಿದರೆ ನನ್ನ ಕೈಕಾಲು ಮುರಿಯುತ್ತದೆ. ಬ್ಯಾಟರಿ ಹೋದರೆ ಆಕೆಯ ತಮ್ಮ ಎರಡನೇ ಸಲ ಸಾಯುತ್ತಾನೆ...

ಕೇಳಿ. ನಾನು ಲ್ಯಾಪ್‌ಟಾಪ್ ರಿಪೇರಿಯವನು. ಸ್ವಲ್ಪ ಹೊತ್ತಿನ ಮುಂಚೆ ಪಕ್ಕದ ಆಸ್ಪತ್ರೆಯ ನರ್ಸಕ್ಕ ಯೂನಿಫಾರ್ಮಿನಲ್ಲೇ ಓಡಿ ಬಂದು ಇಂಟರ್ನೆಟ್ ಡಾಂಗಲ್ ಸಿಕ್ಕಿಸಿದ್ದ ಒಂದು ಲ್ಯಾಪ್‌ಟಾಪನ್ನು ಕೂಸಿನಂತೆ ನನ್ನ ಮೇಜಿನ ಮೇಲೆ ಮಲಗಿಸಿದ್ದರು. ಕನ್ನಡಕ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಆಕೆಯ ತಮ್ಮ ಕಟ್ಟಡದ ಎಂಜಿನಿಯರ್. ಬೆಳಗ್ಗೆ ಏಳನೇ ಮಹಡಿಯಿಂದ ಬಿದ್ದ. ಕಾಲು ಜಾರಿತು ಎಂದು ಕಂಟ್ರಾಕ್ಟರ್ ಬರೆಸಿದ. ಅಕ್ಕನ ವಾರ್ಡಿಗೇ ತಂದರು. ಮಧ್ಯಾಹ್ನ ಉಸಿರು ನಿಲ್ಲುವ ಮುಂಚೆ ಅವನು ಹೇಳಿದ್ದು ಎರಡೇ ಮಾತು.

"ಕಂಟ್ರಾಕ್ಟರ್‌ದು ವಿಡಿಯೋ ಇದೆ. ಲ್ಯಾಪ್‌ಟಾಪ್ ಆಫ್ ಮಾಡ್ಬೇಡ ಅಕ್ಕ."

ಆಫ್ ಆದರೆ ಪಾಸ್‌ವರ್ಡ್ ಕೇಳುತ್ತದೆ, ಅದು ಅವನ ಜೊತೆಗೇ ಹೋಯಿತು. ನಮಗೆ ಅರ್ಥವಾದದ್ದು ಅಷ್ಟೇ. ಅಕ್ಕ ಅದನ್ನು ಸೈಟಿನಿಂದ ತರುವಾಗ ಕಂಟ್ರಾಕ್ಟರ್‌ನ ಆಳು ಬೂಟಿನಲ್ಲಿ ತುಳಿದು ಚಾರ್ಜಿಂಗ್ ಪೋರ್ಟ್ ಜಜ್ಜಿದ್ದ. ಫೈಲ್‌ಗಳು ಮೂರು ಸಾವಿರ, ವಿಡಿಯೋ ಯಾವುದೆಂದು ಗೊತ್ತಿಲ್ಲ. ಬ್ಯಾಟರಿ ಹನ್ನೊಂದು ನಿಮಿಷ.

ಸ್ಕ್ರೀನಿನ ಬೆಳಕು ತಗ್ಗಿಸಿದೆ. ಬ್ಯಾಟರಿಯನ್ನು ಏನು ತಿನ್ನುತ್ತಿದೆ ಎಂದು ನೋಡಿದೆ. ಗುರುತಿಲ್ಲದ ಒಂದು ಪ್ರೋಗ್ರಾಂ ರಾಕ್ಷಸನಂತೆ ಕೂತು ಮೇಯುತ್ತಿತ್ತು. ಕೆಲಸ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು, ಗುರುತಿಲ್ಲದ್ದು ತಿನ್ನುತ್ತಿದ್ದರೆ ಮೊದಲು ಅದರ ಕತ್ತು ಹಿಸುಕು.

ಹಿಸುಕಿದೆ. ಪ್ರೋಗ್ರಾಂ ನಿಂತಿತು. ಗಂಟೆ ನಾಲ್ಕು ಹನ್ನೆರಡು.

ಹನ್ನೊಂದು ನಿಮಿಷ ಇಪ್ಪತ್ತಾರಾಯಿತು. "ರೋಗ ಸಿಕ್ತು ಅಕ್ಕ," ಎಂದೆ. ಆಕೆ ಮೊದಲ ಬಾರಿಗೆ ಕಣ್ಣೊರೆಸಿಕೊಂಡರು.

ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಬೋರ್ಡಿಗೇ ಕರೆಂಟ್ ಕೊಡಲು ತಂತಿ ಬೆಸೆಯತೊಡಗಿದೆ. ಪದ್ಯ ಹೇಳುವಾಗ ನನ್ನಮ್ಮ ಸಾಲು ಮುಗಿಯುವವರೆಗೆ ಉಸಿರು ಬಿಡುತ್ತಿರಲಿಲ್ಲ. ನಾನೂ ಹಾಗೇ ಹಿಡಿದೆ. ಒಂದು ತಂತಿ ಕೂತಿತು...

ಆಗಲೇ ಶಟರ್‌ಗೆ ಒದೆ ಶುರುವಾದದ್ದು. ಹೊರಗೆ ಕಂಟ್ರಾಕ್ಟರ್‌ನ ಅದೇ ಆಳು.

"ಆ ಡಬ್ಬ ಕೊಡು. ಬೆರಳು ಉಳಿಸ್ಕೋ."

"ರಸೀದಿ ತಂದಿದ್ಯಾ?" ಎಂದೆ.

ತಂದಿರಲಿಲ್ಲ. ಶಟರ್ ಕಿತ್ತುಬಂತು. ಕಾದ ಸೋಲ್ಡರಿಂಗ್ ಕಡ್ಡಿಯನ್ನು ಅವನ ಮಣಿಕಟ್ಟಿಗೆ ಒತ್ತಿ, ಅಕ್ಕನನ್ನೂ ಲ್ಯಾಪ್‌ಟಾಪನ್ನೂ ಎಳೆದುಕೊಂಡು ಹಿಂಬಾಗಿಲಿನಿಂದ ಓಡಿದೆ. ಓಣಿ, ಮೆಟ್ಟಿಲು, ಮುಖ್ಯರಸ್ತೆ. ಅಲ್ಲಿ ಅವನ ಕೈ ನನ್ನ ಕಾಲರ್‌ಗೆ ಸಿಕ್ಕಿತು. ಲ್ಯಾಪ್‌ಟಾಪ್ ಹಾರಿ ರಸ್ತೆಗೆ ಬಿತ್ತು. ಬಸ್ಸಿನ ಹಿಂದಿನ ಚಕ್ರ ಉಳಿದದ್ದನ್ನು ಮುಗಿಸಿತು. ಅವನು ಅಂಗಿ ಕೊಡವಿಕೊಂಡು ನಡೆದುಹೋದ. ಹೊಡೆಯುವ ಅಗತ್ಯವೂ ಅವನಿಗೆ ಇರಲಿಲ್ಲ.

ನರ್ಸಕ್ಕ ಫುಟ್‌ಪಾತಿನಲ್ಲಿ ಕೂತರು. ಡ್ಯೂಟಿಗಾಗಿ ಆಫ್ ಮಾಡಿದ್ದ ಫೋನನ್ನು ತನ್ನ ಅಮ್ಮನಿಗೆ ಹೇಳಬೇಕೆಂದು ಆನ್ ಮಾಡಿದರು. ಅದು ಕುಂಯ್ ಎಂದಿತು.

"ಕಣ್ಣು ಕಾಣಲ್ಲ. ಏನಂತ ನೋಡು ತಮ್ಮಾ."

ನೋಡಿದೆ. ಬೆಳಗ್ಗೆ ತಮ್ಮ ಕಳಿಸಿದ ಮೆಸೇಜ್. 'ಅಕ್ಕ, ವಿಡಿಯೋ ನಿನಗೆ ಕಳಿಸ್ತಿದೀನಿ. ದೊಡ್ಡದು, ನಿಧಾನಕ್ಕೆ ಬರುತ್ತೆ, ಕಾಯಿ.' ಅದರ ಕೆಳಗೆ: ತೊಂಬತ್ತೇಳು ಪರ್ಸೆಂಟ್. ಕಳುಹಿಸುವುದನ್ನು ನಿಲ್ಲಿಸಲಾಗಿದೆ. ನಾಲ್ಕು ಹನ್ನೆರಡು.

ಒತ್ತಿ ನೋಡಿದೆ. ತೆರೆಯಲಿಲ್ಲ.

"ಏನಂತೆ?"

"ಚಾರ್ಜ್ ಕಡಿಮೆಯಂತೆ ಅಕ್ಕ," ಎಂದೆ.

ಆ ಫೋನಿನಲ್ಲಿ ಎಂಬತ್ತು ಪರ್ಸೆಂಟ್ ಇತ್ತು.