ಎರಡು ಭಾಷೆಯ ನೋವು

"ಕೈ ಮೇಲೆತ್ತಿ. ಇನ್ನೂ... ಇನ್ನೂ ಮೇಲೆ!"

ಪಲ್ಲಡಂನ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಫಿಸಿಯೋ ನಂದಕುಮಾರ್ ತಮಿಳಿನಲ್ಲಿ ಗದರಿದ. ಗೋಡೆಗೆ ಬೆರಳೂರಿ ನಿಂತಿದ್ದ ತೆನ್ಮೊಳಿಯ ಕಣ್ಣಲ್ಲಿ ನೀರು ತುಂಬಿತು.

ಸ್ಕೂಟರಿನಿಂದ ಬಿದ್ದು ಮುರಿದ ಭುಜದ ಮೂಳೆ ಕೂಡಿತ್ತು. ಕೈ ಮಾತ್ರ ಎದೆಮಟ್ಟ ದಾಟಲೊಲ್ಲದು. ಕೈ ಏಳದಿದ್ದರೆ ತಿರುಪ್ಪೂರಿನ ಬನಿಯನ್ ಕಂಪನಿಯ ಹೊಲಿಗೆ ಮೆಷಿನ್ನು ಅವಳ ಪಾಲಿಗಿಲ್ಲ!

"ನೋವಾ?"

"ಇಲ್ಲವೇ ಇಲ್ಲ ಸಾರ್," ಅಂದಳು ತಮಿಳಿನಲ್ಲಿ. ಮೊಂಡಿ ಹುಡುಗಿ! ಆಮೇಲೆ ಅಮ್ಮನತ್ತ ತಿರುಗಿ ಮನೆಮಾತು ಕನ್ನಡದಲ್ಲಿ, "ಜೀವ ಹೋಗ್ತದಮ್ಮಾ! ಇವನಿಗೆ ಕರುಳೇ ಇಲ್ಲ, ಪಾಪಿ!"

ಅಂಗಡಿ, ಬಸ್ಸು, ಆಸ್ಪತ್ರೆ... ಎಲ್ಲಿ ಗುಟ್ಟಾಡಬೇಕಾದರೂ ಆ ಮನೆಯವರಿಗೆ ಕನ್ನಡವೇ. ಬೀದಿಯಲ್ಲಿ ಯಾರಿಗೆ ತಿಳಿದೀತು, ಹೇಳಿ!

ನಂದಕುಮಾರ್ ಹಗ್ಗ ಎಳೆಯುವ ವ್ಯಾಯಾಮವನ್ನು ಆವತ್ತು ಅರ್ಧಕ್ಕೇ ನಿಲ್ಲಿಸಿದ.

ವಾರಗಳು ಕಳೆದವು. ಕೈ ಗಲ್ಲದವರೆಗೆ ಬಂತು, ಕಿವಿಯವರೆಗೆ ಬಂತು. ಬೈಗುಳವೂ ಮೆತ್ತಗಾಯಿತು.

"ನಕ್ಕರೆ ಎಷ್ಟು ಚೆಂದ ಇದಾನೆ ನೋಡಮ್ಮಾ... ಕಟ್ಕೊಂಡ್ರೆ ಇಂಥವನನ್ನೇ!"

ಅಮ್ಮ ಪಳನಿಯಮ್ಮಾಳ್ ಮಗಳನ್ನು ಚಿವುಟಿದಳು. ಅವನ ಕಿವಿ ಕೆಂಪಾದದ್ದು ಇಬ್ಬರಿಗೂ ಕಾಣಲಿಲ್ಲ.

ಒಂದು ದಿನ ಹಗ್ಗ ಜಾರಿತು.

"ಅಯ್ಯೋ, ಹುಷಾರು! ಕೈ ಬಿಡಬೇಡಿ!"

ನಂದಕುಮಾರನ ಬಾಯಲ್ಲಿ ಅಚ್ಚ ಕನ್ನಡ! ತೆನ್ಮೊಳಿ ನಿಂತಲ್ಲೇ ಬೆವರಿದಳು. "ನಿಮಗೆ... ಕನ್ನಡ ಬರ್ತದಾ?"

"ನಮ್ಮೂರು ಹಾಸನ," ಅವನು ತಲೆ ತಗ್ಗಿಸಿದ.

ಅಯ್ಯೋ ದೇವರೇ! ಎಲ್ಲಾ ಕೇಳಿಸಿಕೊಂಡು ಒಳಗೊಳಗೇ ನಗ್ತಿದ್ನಾ? ಮುಖ ಮುಚ್ಚಿಕೊಂಡು ಓಡಿದವಳು ಮತ್ತೆ ಕ್ಲಿನಿಕ್ಕಿನತ್ತ ತಲೆ ಹಾಕಲಿಲ್ಲ.

ಭುಜ ಸುಮ್ಮನಿದ್ದೀತೇ? ಬಿಗಿಯತೊಡಗಿತು. 'ನಾಚಿಕೆಗೆ ಹೆದರಿ ಕೈ ಕಳ್ಕೊಳ್ಳಲಾ? ಊಹೂಂ!' ಒಬ್ಬಳೇ ಬಸ್ಸು ಹತ್ತಿ ಬಂದಳು.

"ಯಾಕೆ ಮುಚ್ಚಿಟ್ರಿ?"

"ನನ್ನ ಹತ್ರ ತಮಿಳಲ್ಲಿ ನೋವಿಲ್ಲ ಅಂತ ಸುಳ್ಳು ಹೇಳ್ತಿದ್ರಿ. ನಿಜ ಅಮ್ಮನಿಗೆ ಮಾತ್ರ. ನಾನು ಬಾಯಿಬಿಟ್ಟಿದ್ರೆ ಅದೂ ನಿಂತೋಗ್ತಿತ್ತು. ಅದನ್ನ ಕೇಳ್ಕೊಂಡೇ ನಿಮ್ಮ ಕೈಗೆ ಎಷ್ಟು ಕೆಲಸ ಕೊಡಬೇಕು ಅಂತ ನೋಡ್ತಿದ್ದೆ... ಆದ್ರೂ ತಪ್ಪೇ. ಕ್ಷಮಿಸಿ."

ಅವಳ ಸಿಟ್ಟು ಇಳಿಯಿತು. ಹಲ್ಲುಕಚ್ಚಿ ಕೈ ಎತ್ತಿದಳು... ಬೆರಳು ನೆತ್ತಿ ದಾಟಿತು!

"ನೋವಾಗ್ತದೆ. ಆದ್ರೂ ಬಿಡಲ್ಲ!" ಈ ಸಲ ಅವನಿಗೇ ಹೇಳಿದಳು.

ಅವನು ಕಣ್ತುಂಬ ನೋಡಿದ. "ನಾಳೆಯಿಂದ ನಿಮ್ಮನ್ನ ಇಲ್ಲಿನ ಇನ್ನೊಬ್ಬ ಫಿಸಿಯೋ ಹಿನಾ ಮೇಡಂ ನೋಡ್ತಾರೆ."

"ಯಾಕೆ... ನಾನು ಬೇಡವಾ?"

"ನನ್ನ ಪೇಷಂಟ್ ಮನೆಗೆ ನಾನೇ ಹೆಣ್ಣು ಕೇಳೋಕೆ ಬಂದ್ರೆ ಸರಿಯಾಗಲ್ಲ, ತೆನ್ಮೊಳಿ!"

"...ಅಪ್ಪ ಒಪ್ಪಲ್ಲ ಅಂದ್ರೆ?"

"ಮತ್ತೆ ಬರ್ತೀನಿ."

"ಬೇಡ, ಒಂದೇ ಸಲ ಬನ್ನಿ," ಅವಳು ಕಣ್ಣೊರೆಸಿಕೊಂಡಳು. "ಅಪ್ಪನಿಗೆ ನಾನು ಹೇಳಿರ್ತೀನಿ."