ದನಿ ನುಂಗಿದ ಪಾತಿ

"ಅಲ್ಲಿ ಗುದ್ದಲಿ ಹಾಕ್ಬೇಡಿ ಅಕ್ಕ," ಪಕ್ಕದ ಪಾತಿಯ ದರ್ಜಿ ದನಿ ತಗ್ಗಿಸಿ ಹೇಳಿದ. "ಅಲ್ಲಿ ಮಾಟದ ಕುಡಿಕೆ ಹೂತಿಟ್ಟಿದಾರೆ. ಅದನ್ನ ಹೊರಗೆ ತೆಗೆದೋರ ದನಿ ಆಮೇಲೆ ಯಾರಿಗೂ ಕೇಳ್ಸಲ್ಲ. ಆಳೂ ಕಾಣ್ಸಲ್ಲ."

ಮೈಕಮ್ಮ ಬಿದ್ದು ಬಿದ್ದು ನಕ್ಕಳು. ಆಯುಷ್ಯವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದು, 'ಒಳಗೆ ಹೋಗ್ರೀ' ಎಂದು ಗಂಟಲು ಹರಿದುಕೊಂಡೇ ಆ ಅಡ್ಡಹೆಸರು ಗಿಟ್ಟಿಸಿದವಳು. "ನನ್ನ ದನಿ ಕೇಳ್ಸಲ್ವಾ? ಮೊದ್ಲು ನಿಮ್ಮ ಕಿವಿಗೆ ಹತ್ತಿ ಇಟ್ಕೊಳ್ಳಿ!"

ನಗುವಿನ ಹಿಂದೆ ಸಂಕಟವಿತ್ತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸದ್ದು ಮಾಡುತ್ತಿದ್ದುದು ಕುಕ್ಕರ್ ಒಂದೇ. ಊರಂಚಿನಲ್ಲಿ ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ಪಾತಿಗಳಲ್ಲಿ ಈ ಪಾಳುಬಿದ್ದ ಪಾತಿಯನ್ನು ಅವಳು ಹಿಡಿದದ್ದೇ ಮಗಳಿಗಾಗಿ. "ನೀನು ಹಸನು ಮಾಡಮ್ಮ, ಭಾನುವಾರ ಭಾನುವಾರ ಬರ್ತೀನಿ," ಎಂದಿದ್ದಳು ಮಗಳು. ಆ ಮಾತು ಸಾಕಾಗಿತ್ತು.

ಮುಳ್ಳುಪೊದೆ ಆಳೆತ್ತರ ಬೆಳೆದಿತ್ತು. ಕಡಿದಷ್ಟೂ ಕೊಳೆತ ಎಲೆಯ ನಾತ ಮೂಗಿಗೆ ಬಡಿಯುತ್ತಿತ್ತು. ಅರ್ಧ ಪಾತಿಗೆ ಬದನೆ ಸಸಿ ನೆಟ್ಟು, ಮುಸ್ಸಂಜೆ ಉಳಿದರ್ಧ ಅಗೆಯುವಾಗ ಗುದ್ದಲಿ ಠಣ್ಣೆಂದಿತು. ಕಪ್ಪು ದಾರ ಸುತ್ತಿದ ಕುಡಿಕೆ. ದಾರ ಕಿತ್ತು ನೋಡಿದರೆ ಒಳಗೊಂದು ಮಣ್ಣಿನ ಗೊಂಬೆ. ತುಟಿಗಳಿಗೆ ತಲೆಗೂದಲಿನ ಹೊಲಿಗೆ. ಸುಟ್ಟ ಕೂದಲ ವಾಸನೆ ಗಂಟಲಿಗಿಳಿಯಿತು. ಹಕ್ಕಿಗಳ ಗಲಾಟೆ ಥಟ್ಟನೆ ನಿಂತಿತು.

ಕಿವಿಯ ಪಕ್ಕದಲ್ಲೇ ಹೆಂಗಸೊಬ್ಬಳು ನಿಟ್ಟುಸಿರು ಬಿಟ್ಟಳು.

"ಅಬ್ಬ, ತೆಗೆದ್ಯಲ್ಲ! ನಾನು ಹೊರಟೆ. ಇನ್ನು ನೀನಿರು, ಇನ್ಯಾರಾದ್ರೂ ತೆಗೆಯೋ ತನಕ."

ಕುಡಿಕೆ ಕೈಯಿಂದ ಜಾರಿತು. ಮಣ್ಣು ಅದನ್ನು ಮೆಲ್ಲಗೆ ಒಳಗೆಳೆದುಕೊಂಡಿತು.

ಅವಳು ದರ್ಜಿಯನ್ನು ಕೂಗಿದಳು. ಆತ ತಲೆಯೆತ್ತಲಿಲ್ಲ. ಗೇಟಿನತ್ತ ಓಡಿದಳು, ಓಡಿ ಓಡಿ ಮುಟ್ಟಿದ್ದು ಮತ್ತೆ ಅದೇ ಪಾತಿಯನ್ನು. ಸೊಂಟದಲ್ಲಿದ್ದ ಫೋನು ರಿಂಗಾಯಿತು. "ಅಮ್ಮಾ? ಹಲೋ? ಯಾಕಮ್ಮ ಮಾತಾಡ್ತಿಲ್ಲ?" ಮೈಕಮ್ಮ ಅರಚಿದಳು, ಅತ್ತಳು. ಆಚೆಯಿಂದ ಫೋನಿಟ್ಟ ಸದ್ದು ಕೇಳಿತು.

ಭಾನುವಾರ ಮಗಳು ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ತಾಯಿಯ ಎದುರಿಗೇ ನಿಂತು ಅವಳಾಚೆ ಎಲ್ಲೋ ನೋಡಿದಳು.

"ನಿಮ್ಮಮ್ಮ ಕೊನೇಲಿ ಇಲ್ಲೇ ಅಗೀತಿದ್ರು," ಎಂದ ದರ್ಜಿ. "ನೀವು ಮಾತ್ರ ಆ ಮಾಟದ ಕುಡಿಕೆ ಮುಟ್ಬೇಡಿ."

"ಅಮ್ಮ ಬರೋ ಹೊತ್ತಿಗೆ ನಾನೇ ಮುಗಿಸಿಡ್ತೀನಿ. ಮಾಟ ಗೀಟ ಎಲ್ಲ ನಾನು ನಂಬಲ್ಲ." ತಾಯಿಯದೇ ಹಟ. ಸೆರಗು ಸಿಕ್ಕಿಸಿ ಗುದ್ದಲಿ ಎತ್ತಿದಳು.

ಒಂದೇ ಏಟು. ಬಿಡುಗಡೆ. ಮನೆ, ಬೀದಿ, ಮಾತು. ಹಾಕು ಮಗಳೇ, ಎಂದಿತು ಮೈಕಮ್ಮನ ಜೀವ. ಮರುಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮಗಳ ಕೈ ಹಿಡಿದಳು. ಹಿಡಿತ ಸಿಗಲಿಲ್ಲ. ಗುದ್ದಲಿ ಇಳಿಯಿತು. ಮಣ್ಣು ಸಿಡಿಯಿತು. ಕುಡಿಕೆಯ ಅಂಚು ಕಂಡಿತು. ಈಗ ಅವಳ ಕೈಗೆ ಸಿಗುತ್ತಿದ್ದುದು ಈ ಪಾತಿಗೆ ಸೇರಿದ್ದಷ್ಟೇ. ಮೈಕಮ್ಮ ಅಂಚಿನಲ್ಲಿ ಉಳಿದಿದ್ದ ಮುಳ್ಳಿನ ಕೊಂಬೆಗೆ ಜೋತುಬಿದ್ದಳು. ಅದು ಬಾಗಿತು. ಬಿಟ್ಟಳು. ಛಟೀರ್!

ಮಗಳ ಕೈ ಮೊಣಕೈವರೆಗೂ ಸಿಗಿದು ರಕ್ತ ಚಿಮ್ಮಿತು. ಅವಳು ಚೀರಿ, ಗುದ್ದಲಿ ಎಸೆದು ಓಡಿದಳು. ಹೆತ್ತ ಮಗಳಿಗೆ ಜನ್ಮದಲ್ಲೇ ಹೊಡೆಯದ ತಾಯಿ ಕುಡಿಕೆಯ ಮೇಲೆ ಬೊಗಸೆ ಬೊಗಸೆ ಮಣ್ಣೆಳೆದು ಮುಚ್ಚಿದಳು.

ಅಂದಿನಿಂದ ಮೈಕಮ್ಮ ಬಿಡುವಿಲ್ಲದೆ ದುಡಿದಳು. ತಾನೇ ನೆಟ್ಟಿದ್ದ ಬದನೆ ಸಸಿಗಳನ್ನು ಕಿತ್ತಳು. ಮುಳ್ಳಿನ ಕೊಂಬೆಗಳನ್ನು ಒಂದೊಂದಾಗಿ ನೆಟ್ಟು ನೀರೆರೆದು ಬೆಳೆಸಿದಳು. ತಿಂಗಳುಗಳ ಮೇಲೆ ಮಗಳು ಮತ್ತೆ ಬಂದಾಗ ಒಳಗೆ ಕಾಲಿಡಲು ದಾರಿಯೇ ಇರಲಿಲ್ಲ. ಪೊದೆಯಾಚೆ ನಿಂತು, "ಅಮ್ಮಾ," ಎಂದು ಕೂಗಿದಳು.

"ಇಲ್ಲೇ ಇದೀನಿ ಕಂದಾ," ಎಂದಳು ಮೈಕಮ್ಮ, ಇದ್ದಬದ್ದ ಗಂಟಲನ್ನೆಲ್ಲ ಒಟ್ಟುಗೂಡಿಸಿ.

ಮಗಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.