ಗಂಟಿಲ್ಲದ ಕಟ್ಟು

"ಇದನ್ನ ಗೋಡೆಗೆ ನೇತುಹಾಕಿದವರು ಯಾರು?"

ನಾರೆಯ ದನಿಗೆ ಗ್ಯಾಲರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೊಶಿ ಎಂಬ ತೆಳು ನಾರುಬಟ್ಟೆಯ ಚೂರುಗಳನ್ನು ಒಂದಕ್ಕೊಂದು ಜೋಡಿಸಿ, ಚಳಿಗಾಲವಿಡೀ ಕೂತು ಅವಳು ಹೊಲಿದಿದ್ದ, ಸಾಮಾನು ಸುತ್ತುವ ಜೊಗಾಕ್‌ಬೊ ಬಿಳಿ ಗೋಡೆಯ ಮೇಲೆ ಹಳೇ ಕ್ಯಾಲೆಂಡರಿನ ಹಾಗೆ ಸಪ್ಪಗೆ ತೂಗುತ್ತಿತ್ತು.

"ನಾನೇ," ಎಂದ ಏಣಿಯ ಮೇಲಿದ್ದವನು. ಸಿಯೋಲ್‌ನಿಂದ ಬಂದ ಚಿತ್ರಕಾರ ತೇರಿಮ್. ಬರೀ ಗೆರೆಗಳನ್ನೇ ಬರೆಯುವವನು. ಅವನ ಜೊತೆ ಸೇರಿ ಪ್ರದರ್ಶನ ಮಾಡಲು ಒಪ್ಪಿದ್ದಕ್ಕೆ ನಾರೆ ಮನಸ್ಸಿನಲ್ಲೇ ತನ್ನನ್ನು ಬೈದುಕೊಂಡಳು. "ನೇರವಾಗಿದೆಯಲ್ಲ? ಲೆವೆಲ್ ಇಟ್ಟು ನೋಡಿದ್ದೀನಿ."

"ನೇರವಾಗೇನೋ ಇದೆ. ಜೀವ ಇಲ್ಲ ಅಷ್ಟೇ. ಇಳೀರಿ ಕೆಳಗೆ."

ಅವಳೇ ಏಣಿ ಹತ್ತಿ ಬಟ್ಟೆ ಬಿಚ್ಚಿ ಕಿಟಕಿಗೆ ತೂಗುಹಾಕಿದಳು. ಜೊಂಜು ಊರಿನ ಬೆಳಗಿನ ಬಿಸಿಲು ಅದರೊಳಗಿಂದ ಹಾದುಬಂತು. ಚೂರುಗಳು ತಿಳಿಯಾದವು, ಹೊಲಿಗೆಗಳು ಮಾತ್ರ ಕಪ್ಪು ಗೆರೆಗಳಾಗಿ ಎದ್ದು ನಿಂತವು. ನೆಲದ ಮೇಲೆ, ಏಣಿಯ ಮೇಲೆ, ತೇರಿಮ್‌ನ ಬಿಳಿ ಅಂಗಿಯ ಮೇಲೂ ಅವುಗಳ ನೆರಳು ಬಿತ್ತು.

ಅವನು ತನ್ನ ಅಂಗಿಯನ್ನೇ ನೋಡಿಕೊಂಡ. ಬಟ್ಟೆಯ ಆ ಕಡೆ ಹೋಗಿ ನೋಡಿದ, ಈ ಕಡೆ ಬಂದು ನೋಡಿದ. "ಇದರ ಒಳಗಡೆ ಯಾವುದು, ಹೊರಗಡೆ ಯಾವುದು?"

"ಹಾಗೇನೂ ಇಲ್ಲ. ಅಂಚು ಒಳಗೆ ಮಡಚಿ ಹೊಲೀತೀವಿ, ಎರಡೂ ಕಡೆ ಒಂದೇ. ನಾನೂ ಹಂಗೇ. ಮನಸ್ಸಲ್ಲೊಂದು, ಬಾಯಲ್ಲೊಂದು ಇಲ್ಲ."

"ಅದು ಆಗಲೇ ಗೊತ್ತಾಯ್ತು," ಎಂದು ನಕ್ಕ. ಕೋಪ ಮಾಡಿಕೊಂಡವಳ ಎದುರು ಗಂಡಸು ಅಷ್ಟು ಚೆನ್ನಾಗಿ ನಗಬಾರದಿತ್ತು.

ಮರುದಿನದಿಂದ ಅವನು ನಾರೆಯ ಚಿಕ್ಕಮ್ಮನ ಹೊಲಿಗೆ ಅಂಗಡಿಗೇ ಬಂದು ಕೂರತೊಡಗಿದ. ಅವಳು ಹೊಲಿಯುವಳು, ಅವನು ಗೆರೆ ಎಳೆಯುವನು. ಉಸಿರು ಬಿಗಿಹಿಡಿದು ಒಂದು ಗೆರೆ, ಉಸಿರು ಬಿಟ್ಟು ಮತ್ತೆ ಅಂಥದ್ದೇ ಇನ್ನೊಂದು.

"ಒಂದೇ ಗೆರೆ ಎಷ್ಟು ಸಲ ಎಳೀತೀರಿ? ಬೇಜಾರಾಗಲ್ವಾ?"

"ನೀವು ಒಂದೇ ಹೊಲಿಗೆ ಎಷ್ಟು ಸಲ ಹಾಕ್ತೀರಿ?"

"ನಂದು ಬೇರೆ ಬೇರೆ. ಒಂದ್ರಲ್ಲಿ ಹಸಿವಿರುತ್ತೆ, ಒಂದ್ರಲ್ಲಿ ಸಿಟ್ಟಿರುತ್ತೆ."

"ಈಗ ಹಾಕಿದ್ರಲ್ಲ, ಅದ್ರಲ್ಲಿ?"

ಸೂಜಿ ಬೆರಳಿಗೆ ಚುಚ್ಚಿತು. ಚಿಕ್ಕಮ್ಮ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ, ಏನೂ ಕಾಣದವರ ಹಾಗೆ ದಾರ ಪೋಣಿಸಿದರು.

ಮಧ್ಯಾಹ್ನ ಪಕ್ಕದ ಹೋಟೆಲಿನಲ್ಲಿ ತಣ್ಣನೆಯ ಸೋಯಾ ಹಾಲಿನ ನೂಡಲ್ಸ್. ತೇರಿಮ್ ಅದಕ್ಕೆ ಉಪ್ಪು ಹಾಕಿಕೊಳ್ಳುವುದನ್ನು ನೋಡಿ ನಾರೆ ಹಣೆ ಚಚ್ಚಿಕೊಂಡಳು. "ಉಪ್ಪಾ? ಜೊಂಜುವಿನಲ್ಲಿ ಕೂತು? ಸಕ್ಕರೆ ಹಾಕ್ಕೊಳ್ರೀ!"

"ನೂಡಲ್ಸ್‌ಗೆ ಸಕ್ಕರೆನಾ? ಜೀವ ಹೋದ್ರೂ ಇಲ್ಲ."

ಒಂದು ದಿನ ಚಿಕ್ಕಮ್ಮ ಹೊರಗೆ ಹೋಗಿದ್ದಾಗ, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಅವನು ಮೇಜಿನ ಮೇಲಿದ್ದ ಪೆಟ್ಟಿಗೆಗೆ ಕೆಂಪು ಬಟ್ಟೆ ಸುತ್ತಿ ಬಿಗಿಯಾಗಿ ಗಂಟು ಬಿಗಿದ. ಅದು ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಹೋಗಬೇಕಿದ್ದ, ಗಿರಾಕಿಯೊಬ್ಬರ ಮದುವೆ ಪೆಟ್ಟಿಗೆ. ಒಳಗೆ ಬಂದ ಚಿಕ್ಕಮ್ಮ ಅಳತೆಕೋಲಿನಿಂದ ಅವನ ಕೈಮೇಲೆ ಒಂದು ಬಿಟ್ಟರು.

"ಮದುವೆ ಪೆಟ್ಟಿಗೆಗೆ ಯಾರಾದ್ರೂ ಗಂಟು ಹಾಕ್ತಾರೇನೋ? ಆ ಹುಡುಗ ಹುಡುಗಿ ಬಾಳು ಕಗ್ಗಂಟಾಗಲಿ ಅಂತನಾ?"

ಅವರು ಗಂಟು ಬಿಚ್ಚಿ, ಬಟ್ಟೆಯ ನಾಲ್ಕೂ ತುದಿ ಕೂಡಿಸಿ ಹಿಡಿದು, ಸುತ್ತ ಕಾಗದದ ಪಟ್ಟಿ ಹಾಕಿದರು. ತೇರಿಮ್ ಕೈ ಉಜ್ಜಿಕೊಳ್ಳುತ್ತಾ ನೋಡಿದ. ನಾರೆ ನಗು ತಡೆಯಲಾರದೆ ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿದಳು.

ಪ್ರದರ್ಶನ ಮುಗಿಯಿತು. ಸಂಜೆಯ ರೈಲಿಗೆ ಅವನು ಸಿಯೋಲ್‌ಗೆ ವಾಪಸ್ಸು. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಕಾದು ನಾರೆಗೆ ಸಾಕಾಗಿತ್ತು. ಅವನು ಬೇಕು ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅವನು ಬಾಯಿ ಬಿಡದಿದ್ದರೆ ತಾನೇ ಬಿಡುವುದು ಎಂದು ನಿರ್ಧರಿಸಿ ಗ್ಯಾಲರಿಗೆ ಹೋದಳು. ಗೋಡೆ ಖಾಲಿ, ಕಿಟಕಿ ಖಾಲಿ. ಅವನೂ ಇಲ್ಲ.

ಅಂಗಡಿಗೆ ಬಂದರೆ ಅವಳ ಮೇಜಿನ ಮೇಲೆ ಒಂದು ಕಟ್ಟು. ಅವಳದೇ ಜೊಗಾಕ್‌ಬೊದಲ್ಲಿ ಸುತ್ತಿದ್ದು. ನಾಲ್ಕು ತುದಿ ಕೂಡಿಸಿ, ಸುತ್ತ ಕಾಗದದ ಪಟ್ಟಿ. ಗಂಟಿಲ್ಲ.

"ಗಂಟು ಹಾಕೋದು ಮರೆತನೋ ಏನೋ ಪಾಪ," ಎಂದರು ಚಿಕ್ಕಮ್ಮ, ನಗು ಹಲ್ಲಲ್ಲಿ ಕಚ್ಚಿಕೊಂಡು. "ಪಕ್ಕದ ಹೋಟೆಲ್‌ನಲ್ಲಿದ್ದಾನೆ. ಹೋಗಿ ಕೇಳು."

ನಾರೆ ಕಟ್ಟನ್ನು ಎದೆಗವಚಿಕೊಂಡೇ ಹೋದಳು. ಅವನ ಮುಂದೆ ನೂಡಲ್ಸ್ ಬಟ್ಟಲು ಮುಟ್ಟದ ಹಾಗೇ ಇತ್ತು.

"ಗಂಟು ಮರೆತ್ರಾ?"

"ನಿಮ್ಮ ಚಿಕ್ಕಮ್ಮ ಕೊಟ್ಟ ಏಟು ಮರೆಯೋ ಅಂಥದ್ದಲ್ಲ."

"ಬಾಯಿಬಿಟ್ಟು ಹೇಳಿ."

ಅವನು ಗೆರೆ ಎಳೆಯುವ ಮುಂಚೆ ಮಾಡುವ ಹಾಗೆ ಉಸಿರು ಹಿಡಿದ. "ನಾರೆ, ನನಗೆ ನೀನು ಬೇಕು. ಮದುವೆ ಆಗ್ತೀಯಾ?"

ಅವಳು ಕಾಗದದ ಪಟ್ಟಿ ಜಾರಿಸಿದಳು. ಬಟ್ಟೆ ತಾನಾಗಿ ಬಿಚ್ಚಿಕೊಂಡಿತು. ಒಳಗೊಂದು ಚಿಕ್ಕ ಚಿತ್ರ. ಅವಳು ಅಂಗಡಿಯಲ್ಲಿ ದಿನಾ ನೋಡಿದ್ದ ಅದೇ ಗೆರೆಗಳು. ನಡುವಿನ ಒಂದು ಮಾತ್ರ ಅಂಕುಡೊಂಕಾಗಿತ್ತು.

"ಇದು ಯಾಕೆ ಸೊಟ್ಟಗಿದೆ?"

"ನೀನು ಬಟ್ಟೆ ರಾಶಿಯಲ್ಲಿ ಮುಖ ಇಟ್ಕೊಂಡು ನಕ್ಕ ದಿನದ್ದು. ಕೈ ನಡುಗಿತು. ಅಳಿಸೋಕೆ ಮನಸ್ಸಾಗಲಿಲ್ಲ."

ನಾರೆಯ ಕಣ್ಣು ತುಂಬಿಬಂತು. ಅವಳು ಸಕ್ಕರೆ ಡಬ್ಬಿ ಎಳೆದುಕೊಂಡು ಅವನ ನೂಡಲ್ಸ್‌ಗೆ ಧಾರಾಳವಾಗಿ ಸುರಿದಳು.

"ತಿನ್ನು."

ತೇರಿಮ್ ಬಟ್ಟಲು ನೋಡಿದ, ಅವಳನ್ನು ನೋಡಿದ, ಚಾಪ್‌ಸ್ಟಿಕ್ ಎತ್ತಿಕೊಂಡ. ಬಟ್ಟಲಿನ ತಳ ಕಾಣುವವರೆಗೂ ತಲೆ ಎತ್ತಲಿಲ್ಲ.

"ಆಮೇಲೆ ಚಿಕ್ಕಮ್ಮನ ಹತ್ರ ಹೋಗೋಣ," ಎಂದಳು ನಾರೆ, ಕಣ್ಣೊರೆಸಿಕೊಂಡು. "ನಮ್ಮ ಪೆಟ್ಟಿಗೆ ಅವರೇ ಕಟ್ಟಲಿ. ನಿನ್ನ ಕೈಗೆ ಮಾತ್ರ ಕೊಡಲ್ಲ."